ಮೂವತ್ತೊಂಬತ್ತು ಕ್ರೆಡಿಟ್

ಮಾರ್ಚ್ 3, ಬೆಳಿಗ್ಗೆ 5.40

ಹದಿನೇಳನೇದೂ ಪಾಸು. ನಿನ್ನೆ ಸಂಜೆ ರಿಸಲ್ಟ್ ಬಂತು. ಒಂದೊಂದು ಆನ್‌ಲೈನ್ ಕೋರ್ಸಿಗೆ ಮೂರು ಕ್ರೆಡಿಟ್, ಒಟ್ಟು ಐವತ್ತೊಂದು. ಗೋಡೆ ಮೇಲಿನ ಪಟ್ಟಿಯಲ್ಲಿ ಇನ್ನೊಂದು ಚೌಕಕ್ಕೆ ಹಸಿರು ತುಂಬಿದೆ. ಖುಷಿ ಎಷ್ಟು ಹೊತ್ತು? ಕುಕ್ಕರ್ ಎರಡು ಸಲ ಕೂಗೋವರೆಗೆ. ಆಮೇಲೆ ಮತ್ತೆ ಅದೇ... ಇನ್ನೆಷ್ಟು ಬಾಕಿ, ಇನ್ನೆಷ್ಟು.

ಯೂನಿವರ್ಸಿಟಿಯವರ ರೂಲು ಬಾಯಿಪಾಠ ಆಗಿದೆ. ಕಂಪ್ಯೂಟರ್ ಸೈನ್ಸ್ ಡಿಗ್ರಿಗೆ ನೂರಿಪ್ಪತ್ತು ಕ್ರೆಡಿಟ್. ಅದರಲ್ಲಿ ತೊಂಬತ್ತರವರೆಗೆ ಬೇರೆ ಕಡೆ ಓದಿದ್ದನ್ನ ಒಪ್ಕೋತಾರೆ. ಆದರೆ ಸೇರೋಕೆ ಮುಂಚೆ ತಂದಿದ್ದು ಮಾತ್ರ. ಸೇರಿದ ಮೇಲೆ ಹೊರಗಿನದು ಒಂದೇ ಒಂದು ಕ್ರೆಡಿಟ್ಟೂ ನಡೆಯಲ್ಲ. ಅದಕ್ಕೇ ಎರಡು ವರ್ಷದಿಂದ ಹೊಸ್ತಿಲ ಹೊರಗೇ ನಿಂತು ಗುಡ್ಡೆ ಹಾಕ್ತಿದ್ದೀನಿ.

ನಮ್ಮನೆಯವರು ಸ್ಕೂಲ್ ವ್ಯಾನ್ ಒರೆಸೋಕೆ ಬಟ್ಟೆ ಹುಡುಕ್ತಾ ಬಂದು ಪಟ್ಟಿ ನೋಡಿದ್ರು. "ಕಾಲೇಜು ಸೇರೋಕೆ ಮುಂಚೆನೇ ಕಾಲೇಜು ಮುಗಿಸಿಬಿಡ್ತೀಯೋ ಹೆಂಗೆ?"

"ಸುಮ್ನೆ ಹೋಗ್ರೀ."

ನಗ್ತಾ ಹೋದ್ರು. ಮೇ ಒಂದಕ್ಕೆ ಟರ್ಮ್ ಶುರು. ತಪ್ಪಿದ್ರೆ ಇನ್ನು ನವೆಂಬರ್. ಅಷ್ಟೊತ್ತಿಗೆ ನನಗೆ ನಲವತ್ತು.

ಮಾರ್ಚ್ 4, ಅಂಗಡಿ, ಊಟದ ಹೊತ್ತು

ಇವತ್ತೊಂದು ಲೆನ್ಸ್ ಹಾಳು ಮಾಡಿದೆ. ನೂರೆಂಭತ್ತು ಡಿಗ್ರಿಗೆ ಕೂರಿಸಬೇಕಾದ್ದನ್ನ ಎಂಭತ್ತಕ್ಕೆ ಕೂರಿಸಿ ಕತ್ತರಿಸಿಬಿಟ್ಟೆ. ಕನ್ನಡಕದ ಅಂಗಡಿಯ ಹಿಂದಿನ ರೂಮಲ್ಲಿ ಹನ್ನೊಂದು ವರ್ಷ ಲೆನ್ಸ್ ಉಜ್ಜಿದವಳು ಮಾಡೋ ತಪ್ಪಾ ಇದು? ಮಾಲೀಕರು ಬಯ್ಯಲಿಲ್ಲ. "ಏನಮ್ಮಾ, ಮೊದಲು ನಿನ್ನ ಕಣ್ಣೇ ಟೆಸ್ಟ್ ಮಾಡೋಣ್ವಾ?" ಅಂದ್ರು. ಬೈದಿದ್ರೇ ವಾಸಿ ಇತ್ತು.

ಕಾರಣ ಯೂನಿವರ್ಸಿಟಿ ಅಡ್ವೈಸರ್ ಇ-ಮೇಲು. ಬೆಳಿಗ್ಗೆ ಬಂತು. "ಹಿಂದೆ ಯಾವುದಾದರೂ ಕಾಲೇಜಿನಲ್ಲಿ ಓದಿದ್ದರೆ ಅದನ್ನೂ ಸೇರಿಸಿಕೊಳ್ಳಬಹುದು. ಫಾರಂನಲ್ಲಿ ಆ ಜಾಗ ಖಾಲಿ ಬಿಟ್ಟಿದ್ದೀರಿ."

ಬಿಟ್ಟಿದ್ದೀನಿ. ಬೇಕಂತಲೇ ಬಿಟ್ಟಿದ್ದೀನಿ. ಮೂರು ಸೆಮಿಸ್ಟರ್, ಮೂವತ್ತೊಂಬತ್ತು ಕ್ರೆಡಿಟ್. ಐವತ್ತೊಂದಕ್ಕೆ ಮೂವತ್ತೊಂಬತ್ತು ಸೇರಿಸಿದ್ರೆ ಸರಿಯಾಗಿ ತೊಂಬತ್ತು. ಎಂಥಾ ದಡ್ಡರಿಗೂ ಬರೋ ಲೆಕ್ಕ. ಆ ಹಳೇ ಅಂಕಪಟ್ಟಿ ಮುಟ್ಟೋದು ಬೇಡ ಅಂತಲೇ ಹೊಸದಾಗಿ ಒಂದೊಂದೇ ಕೋರ್ಸು ಪೋಣಿಸ್ತಾ ಕೂತಿದ್ದೀನಿ.

ನೋಡೋಣ ಅಂತ ಉತ್ತರ ಬರೆದೆ.

ಮಾರ್ಚ್ 9, ಭಾನುವಾರ

ಇವರ ಬಾಯಿಗೆ ಬೀಗ ಇಲ್ಲ. ತಿಂಡಿ ತಿನ್ನುವಾಗ ಅಪ್ಪನ ಎದುರಿಗೇ, "ನೀನು ಆಗ ಎರಡು ವರ್ಷ ಕಾಲೇಜಿಗೆ ಹೋಗಿದ್ಯಲ್ಲ, ಅದು ಲೆಕ್ಕಕ್ಕೆ ಬರಲ್ವಾ?"

ಅಪ್ಪನ ಕೈ ತಟ್ಟೆಯಲ್ಲೇ ನಿಂತಿತು. "ಬರತ್ತಾ?"

ನಾನು ಲೋಟ ತೊಳೆಯೋಕೆ ಎದ್ದೆ. ಬಿಡಬೇಕಲ್ಲ! "ಹೇಳು ಪುಟ್ಟಿ, ಬರತ್ತಾ?"

"ಬರತ್ತೆ ಅಪ್ಪ. ಕಾಲೇಜಿನವರು ಅಂಕಪಟ್ಟೀನ ಸೀಲ್ ಹಾಕಿದ ಕವರಲ್ಲಿ ಕೊಡಬೇಕು. ಕಾಲೇಜು ಹಳೇ ಊರಲ್ಲಿ, ಅವರ ಹತ್ರ ಆ ಕಾಲದ್ದು ಕಾಗದದಲ್ಲೇ ಇರೋದು. ದೊಡ್ಡ ರಗಳೆ. ಬಿಡಿ."

"ಯಾಕೆ ಬಿಡೋದು? ಮೂವತ್ತೆರಡು ವರ್ಷ ಪೋಸ್ಟ್‌ಮ್ಯಾನ್ ಆಗಿದ್ದವನು ನಾನು. ಒಂದು ಕವರು ತರಿಸಕ್ಕಾಗಲ್ವಾ ನನಗೆ?"

ಎಪ್ಪತ್ತಮೂರು ವರ್ಷದ ಮನುಷ್ಯ ಎದ್ದು ಶರ್ಟ್ ಹಾಕ್ಕೊಂಡು ಪೆನ್ನು ಹುಡುಕೋಕೆ ಹೊರಟ್ರು. ಕಾಲೇಜಿಗೆ ಕಳಿಸೋ ಫಾರಂ ಎಲ್ಲ ಅವರೇ ತುಂಬಿದ್ರು. ಪರವಾಗಿ ಪಡೆಯುವವರು ಅನ್ನೋ ಜಾಗದಲ್ಲಿ ತಮ್ಮ ಹೆಸರು ಬರೆದು, ನನ್ನ ಹತ್ರ ಸಹಿ ಹಾಕಿಸ್ಕೊಂಡ್ರು. ಅವರು ಹೇಳಿದ್ದು ಒಂದೇ ಮಾತು. ಮನೆಗೆ ಬಂದವರಿಗೆಲ್ಲ ಇಪ್ಪತ್ತು ವರ್ಷದಿಂದ ಹೇಳ್ಕೊಂಡು ಬಂದಿರೋ ಮಾತು. "ನಿನ್ನ ಓದು ಕೆಡಿಸಿದವನು ನಾನೇ ತಾನೇ."

ಮಾರ್ಚ್ 10, ಬೆಳಿಗ್ಗೆ

ಇಲ್ಲಾದ್ರೂ ಬರೀಬೇಕು. ಯಾರೂ ಓದಲ್ಲ.

ಮೂರನೇ ಸೆಮಿಸ್ಟರಲ್ಲಿ ಡಿಸ್ಕ್ರೀಟ್ ಮ್ಯಾಥ್ಸ್ ಫೇಲಾದೆ. ಮನೇಲಿ ಬಾಯಿ ಬಿಡಲಿಲ್ಲ. ನಾಲ್ಕನೇ ಸೆಮಿಸ್ಟರಿಗೆ ಒಂದು ವಾರ ಹೋದೆ. ಆಮೇಲೆ ಗೇಟಿನವರೆಗೆ ಹೋಗಿ ವಾಪಸ್ ತಿರುಗೋದು. ದಿನಾ ಬ್ಯಾಗ್ ಹಾಕ್ಕೊಂಡು, ಅಮ್ಮ ಕಟ್ಟಿಕೊಟ್ಟ ಡಬ್ಬಿ ತಗೊಂಡು ಹೊರಡ್ತಿದ್ದೆ. ಹೋಗ್ತಿದ್ದಿದ್ದು ಬಸ್ ಸ್ಟಾಂಡಿಗೆ. ನಾಲ್ಕನೇ ಪ್ಲಾಟ್‌ಫಾರಂ ಬೆಂಚು. ಮೂರು ಗಂಟೆವರೆಗೆ. ಒಂಬತ್ತೂವರೆಗೆ ಅಪ್ಪ ಅಲ್ಲಿಗೇ ಬರೋರು, ಬಸ್ಸಿಂದ ಟಪಾಲು ಚೀಲ ಇಳಿಸ್ಕೊಳ್ಳೋಕೆ. ಅವರು ಹೋಗೋವರೆಗೆ ಕಂಬದ ಹಿಂದೆ ನಿಂತಿರ್ತಿದ್ದೆ.

ಏಪ್ರಿಲ್ ಹನ್ನೆರಡಕ್ಕೆ ಕಾಲೇಜಿನವರು ಹೆಸರು ತೆಗೆದುಹಾಕಿದ್ರು. ಆ ಕಾಗದ ಮನೆಗೆ ತಂದುಕೊಟ್ಟವರೂ ಅಪ್ಪನೇ. "ನಿನಗೆ ಕಾಲೇಜಿಂದ ಬಂದಿದೆ ನೋಡು" ಅಂತ ಕೊಟ್ಟು ಕೈಕಾಲು ತೊಳೆಯೋಕೆ ಹೋದ್ರು. ಬೇರೆಯವರ ಹೆಸರಿನ ಕಾಗದ ಒಡೆಯೋ ಜಾತಿಯವರಲ್ಲ, ಮಗಳದ್ದಾದ್ರೂ.

ಅಮ್ಮನಿಗೆ ಲಕ್ವ ಹೊಡೆದಿದ್ದು ಜುಲೈ ಮೂರು. ಆಸ್ಪತ್ರೆ ಕಾರಿಡಾರಲ್ಲಿ ಅಪ್ಪ ಕೇಳಿದ್ರು, "ಒಂದು ವರ್ಷ ಓದು ನಿಲ್ಲಿಸ್ತೀಯಾ ಪುಟ್ಟಿ? ಬೇರೆ ದಾರಿ ಕಾಣ್ತಿಲ್ಲ ನನಗೆ." ಆಗಲಿ ಅಪ್ಪ ಅಂದೆ. ನಿಜ ಹೇಳ್ತೀನಿ... ಹಾಯೆನಿಸಿತು.

ಅಲ್ಲಿಂದಾಚೆಗೆ ನಾನು ಬಂಗಾರದಂಥ ಮಗಳು. ಅಮ್ಮ ಹದಿನಾಲ್ಕು ವರ್ಷ ಆ ಬಿದ್ದ ಬಲಗೈ ಇಟ್ಕೊಂಡು ಬದುಕಿದ್ಲು. ತಲೆ ಬಾಚುವಾಗೆಲ್ಲ "ನನ್ನಿಂದ ನಿನ್ನ ಓದು ಹೋಯ್ತು" ಅನ್ನೋಳು. ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಆರು ವರ್ಷ ಆಯ್ತು ಅವಳು ಹೋಗಿ.

ಅಂಕಪಟ್ಟಿಯ ಕೊನೇ ಸಾಲಲ್ಲಿ ಹೆಸರು ತೆಗೆದ ತಾರೀಖು ಇರತ್ತೆ. ಅಪ್ಪನ ಕಣ್ಣಿಗೆ ಬಿದ್ರೆ ಮುಗೀತು.

ಮಾರ್ಚ್ 28

ಕಾಲೇಜಿನ ಗುಮಾಸ್ತರಿಂದ ಸುದ್ದಿಯಿಲ್ಲ. ಬರದೇ ಇರ್ಲಿ ದೇವರೇ ಅನ್ಕೋತೀನಿ. ಮರುಕ್ಷಣ ಬರಲಿ ಅನ್ಕೋತೀನಿ. ಹದಿನೆಂಟನೇ ಕೋರ್ಸ್ ಶುರು ಮಾಡಿ ಎರಡೇ ಪಾಠಕ್ಕೆ ಬಿಟ್ಟೆ. ಬೀರು ಎಲ್ಲ ಖಾಲಿ ಮಾಡಿ ಮತ್ತೆ ಜೋಡಿಸಿದೆ. ಕೂತಲ್ಲಿ ಕೂರೋಕಾಗ್ತಿಲ್ಲ. ಅಪ್ಪ ಮಾತ್ರ ಹನ್ನೊಂದಾದ್ರೆ ಬಾಗಿಲಲ್ಲಿ ಹಾಜರ್, ಈ ಬೀದಿಯ ಪೋಸ್ಟ್‌ಮ್ಯಾನ್ ಬರೋದನ್ನೇ ಕಾಯ್ತಾ. ಅವನಿಗೆ ಸೈಕಲ್ ಚೈನಿಗೆ ಎಣ್ಣೆ ಬಿಡು ಅಂತ ಬುದ್ಧಿ ಬೇರೆ ಹೇಳ್ತಾರಂತೆ.

ಏಪ್ರಿಲ್ 16, ಸಂಜೆ 7

ಬಂತು.

ಅಂಗಡಿಯಿಂದ ಬರೋಷ್ಟರಲ್ಲಿ ಮೇಜಿನ ಮೇಲೆ ಇಟ್ಟಿದ್ರು, ಅಂಚು ಸರಿಯಾಗಿ ಹೊಂದಿಸಿ. ಕಂದು ಕವರ್. ಅಂಟಿಸಿದ ಜಾಗದಲ್ಲಿ ಎರಡು ಸೀಲು, ಅಡ್ಡಕ್ಕೆ ಒಂದು ಸಹಿ. ತೆರೆದಿದ್ದರೆ ಅಸಿಂಧು ಅಂತ ಕೆಂಪಲ್ಲಿ ಅಚ್ಚು. ಹಾಗೇ ಯೂನಿವರ್ಸಿಟಿಗೆ ಕಳಿಸಬೇಕು, ಇಪ್ಪತ್ತೆಂಟರ ಒಳಗೆ ತಲುಪಬೇಕು. ಅಪ್ಪ ನೋಡೋ ಪ್ರಶ್ನೆಯೇ ಇಲ್ಲ. ಬಚಾವಾದೆ! ಒಂದು ಗಳಿಗೆ ಅಷ್ಟೇ ತೋಚಿದ್ದು. ನನ್ನ ಬಗ್ಗೆ ನನಗೇ ಅಸಹ್ಯ.

"ನಾಳೆ ನಾನೇ ಹೋಗಿ ರಿಜಿಸ್ಟರ್ ಮಾಡ್ತೀನಿ. ನನ್ನ ಕೈಯಾರೆ ಕೆಡಿಸಿದ್ದು, ನನ್ನ ಕೈಯಾರೆನೇ ಸರಿಹೋಗ್ಲಿ" ಅಂದ್ರು. ಕಣ್ಣಲ್ಲಿ ನೀರು. ಅಳೋ ಮನುಷ್ಯನಲ್ಲ.

ಇನ್ನು ತಡೆಯೋಕಾಗಲಿಲ್ಲ. ಹೇಳಿಬಿಟ್ಟೆ. "ಅಪ್ಪ, ನೀವು ಬಿಡಿಸಿದ್ದಲ್ಲ. ಅಮ್ಮ ಬೀಳೋಕೆ ಮುಂಚೆನೇ ನಾನು ಬಿಟ್ಟಿದ್ದೆ. ಫೇಲಾಗಿದ್ದೆ."

ಅಪ್ಪ ನಕ್ಕರು! ತಲೆ ಸವರಿ, "ನನ್ನ ಮನಸ್ಸು ಹಗುರ ಮಾಡೋಕೆ ಏನೇನೋ ಕಟ್ಟಬೇಡ. ನಿಮ್ಮಮ್ಮ ಹೇಳ್ತಿದ್ಲು, ಈ ಹುಡುಗಿ ಎಲ್ಲಾನೂ ತನ್ನ ತಲೆ ಮೇಲೆ ಹಾಕ್ಕೋತಾಳೆ ಅಂತ."

"ಆಣೆಗೂ ಅಪ್ಪ."

"ಆಯ್ತು ಆಯ್ತು. ಊಟ ಮಾಡು."

ನಂಬಲ್ಲ. ಇಪ್ಪತ್ತು ವರ್ಷದಲ್ಲಿ ಒಂದು ನಿಜ ಹೇಳಿದೆ, ಅದನ್ನ ನಂಬಲ್ಲ. ನಂಬಿಸೋ ಕಾಗದ ಆ ಕವರ್ ಒಳಗಿದೆ. ಒಡೆದ್ರೆ ರದ್ದಿ.

ಏಪ್ರಿಲ್ 17, ಬೆಳಿಗ್ಗೆ 7.30

ಒಡೆದೆ.

ಅಪ್ಪ ಇಸ್ತ್ರಿ ಶರ್ಟ್ ಹಾಕ್ಕೊಂಡು, ಪೋಸ್ಟಾಫೀಸಿಗೆ ಹೊರಟು, ಕವರ್ ಕೊಡು ಅಂತ ಕೈ ಚಾಚಿದ್ರು. ಅವರ ಎದುರಿಗೇ ಬದಿಯಿಂದ ಹರಿದೆ. "ಏ! ಏ ಪುಟ್ಟಿ!" ಅಂತ ಕೂಗಿಕೊಂಡ್ರು, ಮಗು ಕೈ ಜಾರಿದ ಹಾಗೆ. ಇವರು ಹಲ್ಲುಜ್ಜೋದು ಬಿಟ್ಟು ಓಡಿ ಬಂದ್ರು.

"ಓದಿ ಅಪ್ಪ. ಕೊನೇ ಸಾಲು."

ಕನ್ನಡಕ ಹಾಕ್ಕೊಂಡ್ರು. ನಾನೇ ಮಾಡಿಕೊಟ್ಟಿದ್ದು. ವಿಳಾಸ ಓದೋ ಹಾಗೆ ಬೆರಳಿಟ್ಟು ಓದಿದ್ರು. ಡಿಸ್ಕ್ರೀಟ್ ಮ್ಯಾಥ್ಸ್, ಅನುತ್ತೀರ್ಣ. ನಾಲ್ಕನೇ ಸೆಮಿಸ್ಟರ್, ಗೈರು. ಹಾಜರಿ ಇಲ್ಲದ ಕಾರಣ ಹೆಸರು ತೆಗೆಯಲಾಗಿದೆ, ಏಪ್ರಿಲ್ 12. ಆ ತಾರೀಖಿನ ಮೇಲೆ ಬೆರಳು ನಿಂತೇಬಿಟ್ಟಿತು.

"ಆ ಕಾಗದ ನಾನೇ ತಂದುಕೊಟ್ಟೆ ಅಲ್ವಾ?"

"ಹೂಂ."

ಹಾಳೆ ಮಡಿಸಿ ಮೇಜಿನ ಮೇಲಿಟ್ರು. ಬಾಗಿಲವರೆಗೆ ಹೋಗಿ, ತಿರುಗದೇನೇ ಕೇಳಿದ್ರು.

"ನನಗೇನೋ ಹೇಳಿದೆ. ನಿಮ್ಮಮ್ಮನಿಗೆ?"

ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ್ರು.

ಏಪ್ರಿಲ್ 20, ಭಾನುವಾರ

ಅಪ್ಪ ಊಟಕ್ಕೆ ಬರ್ತಾರೆ, ತಟ್ಟೆ ನೋಡ್ಕೊಂಡು ತಿಂತಾರೆ, ಏಳ್ತಾರೆ. ನನ್ನ ಜೊತೆ ತುಟಿ ಪಿಟಕ್ಕೆನ್ನಲ್ಲ.

ಇವರು ಅಡುಗೆಮನೆಗೆ ಬಂದು ಮೆಲ್ಲಗೆ, "ನನಗಾದ್ರೂ ಹೇಳಬಹುದಿತ್ತಲ್ಲೇ. ನಾನೇನು ನುಂಗಿಬಿಡ್ತಿದ್ನಾ?" ಅಂದ್ರು. ಆಮೇಲೆ, "ನವೆಂಬರ್‌ವರೆಗೆ ಕಾದರಾಯ್ತು ಬಿಡು. ಇನ್ನೊಂದು ಕವರ್ ತರಿಸೋಣ."

ಕಾಯಲ್ಲ. ಐವತ್ತೊಂದನ್ನೇ ಹೊತ್ಕೊಂಡು ಸೇರ್ತೀನಿ. ಹದಿಮೂರು ಕೋರ್ಸು ಜಾಸ್ತಿ ಆಗತ್ತೆ, ಎರಡು ವರ್ಷ ಜಾಸ್ತಿ ಹಿಡಿಯತ್ತೆ. ಹಿಡೀಲಿ. ಗುಡ್ಡೆ ಹಾಕಿ ಹಾಕಿ ಸಾಕಾಗಿದೆ. ಅಂಗಡಿಯ ಮೆಷಿನ್ ಕೆಟ್ಟಾಗ ಲ್ಯಾಪ್‌ಟಾಪ್ ತಂದು ಸರಿ ಮಾಡ್ತಾಳಲ್ಲ ಒಬ್ಬಳು, ಅವಳನ್ನ ನೋಡಿ ತಾನೇ ಈ ಹುಚ್ಚು ಹತ್ತಿದ್ದು? ಅವಳಿಗೆ ನನ್ನ ಅರ್ಧ ವಯಸ್ಸು. ಇರ್ಲಿ.

ಏಪ್ರಿಲ್ 22, ಬೆಳಿಗ್ಗೆ 8

ಅಪ್ಪ ಇಲ್ಲ.

ಹಾಸಿಗೆ ಮಡಿಸಿಟ್ಟಿದೆ. ಕೈಚೀಲ ಇಲ್ಲ. ಫೋನ್ ಕಪಾಟಲ್ಲೇ ಬಿಟ್ಟು ಹೋಗಿದ್ದಾರೆ. ಇವರು ವ್ಯಾನ್ ಮಕ್ಕಳನ್ನ ಇಳಿಸಿ ಬಸ್ ಸ್ಟಾಂಡ್, ಸ್ಟೇಷನ್ ಎಲ್ಲ ನೋಡ್ಕೊಂಡು ಬರ್ತೀನಿ ಅಂತ ಹೋಗಿದ್ದಾರೆ. ನಾನು ಬಾಗಿಲಿಗೂ ಕಿಟಕಿಗೂ ಓಡಾಡ್ತಿದ್ದೀನಿ. ಏನು ಮಾಡ್ಕೊಂಡೆ ನಾನು...

ಏಪ್ರಿಲ್ 23, ಮಧ್ಯಾಹ್ನ

ಬಂದ್ರು. ಒಂದು ಗಂಟೆಗೆ. ಗಡ್ಡ ಬಂದಿದೆ, ಶರ್ಟೆಲ್ಲ ರೈಲಿನ ಧೂಳು. ಜಗಳ ಆಡೋಣ ಅಂತ ಬಾಯಿ ತೆರೆದೆ, ಜೇಬಿಂದ ಒಂದು ಚೀಟಿ ತೆಗೆದು ಮೇಜಿನ ಮೇಲಿಟ್ರು. ರಿಜಿಸ್ಟರ್ಡ್ ಪೋಸ್ಟಿನ ರಸೀದಿ. ಯೂನಿವರ್ಸಿಟಿ ವಿಳಾಸಕ್ಕೆ.

ಹಳೇ ಊರಿನ ಕಾಲೇಜಿಗೆ ಹೋಗಿದ್ದಾರೆ. ಗುಮಾಸ್ತರ ಮುಂದೆ ಇಡೀ ದಿನ ಬೆಂಚ್ ಮೇಲೆ ಕೂತಿದ್ದಾರೆ. ಫಾರಂನಲ್ಲಿ ಅವರ ಹೆಸರಿತ್ತಲ್ಲ, ಇನ್ನೊಂದು ಕವರ್ ಇಸ್ಕೊಂಡು, ಅಲ್ಲೇ ಎದುರಿನ ಪೋಸ್ಟಾಫೀಸಲ್ಲಿ ಹಾಕಿ ಬಂದಿದ್ದಾರೆ.

"ಮನೆಗೆ ತರಬಹುದಿತ್ತಲ್ಲ ಅಪ್ಪ."

"ನಿನ್ನ ಕೈಗೆ ಕೊಟ್ರೆ ಅದನ್ನೂ ಹರೀತೀಯ."

ಅಷ್ಟೇ. ಸ್ನಾನಕ್ಕೆ ಹೋದ್ರು. ರಸೀದಿ ಹಿಡ್ಕೊಂಡು ಅಡುಗೆಮನೇಲಿ ಜೋರಾಗಿ ಅತ್ತೆ. ಕ್ಷಮಿಸಿದ್ದಾರೆ ಅಂತಲ್ಲ. ಮುಖ ಇನ್ನೂ ಹಾಗೇ ಇದೆ.

ಏಪ್ರಿಲ್ 30, ರಾತ್ರಿ

ಅಡ್ವೈಸರ್ ಮೇಲು. ತೊಂಬತ್ತು, ಪೂರ್ತಿ. ಅಂಗಡೀಲಿ ಮಾಲೀಕರು ಎಲ್ಲರಿಗೂ ಟೀ ತರಿಸಿದ್ರು. ಮನೇಲಿ ಹೇಳಿದಾಗ ಇವರು ಚಪ್ಪಾಳೆ ಹೊಡೆದ್ರು. ಅಪ್ಪ ಪೇಪರ್ ಪುಟ ತಿರುಗಿಸಿದ್ರು.

ಗೋಡೆಯ ಪಟ್ಟಿ ಕಿತ್ತು ಹಾಕಿದೆ.

ಮೇ 1, ಬೆಳಿಗ್ಗೆ 5.40

ಮೊದಲ ಪಾಠ. ಡಿಸ್ಕ್ರೀಟ್ ಮ್ಯಾಥ್ಸ್. ಫೇಲಾಗಿದ್ದು ಯಾವ ಲೆಕ್ಕಕ್ಕೂ ಬರಲ್ಲ, ಇಲ್ಲೇ ಓದಬೇಕು. ಬೇರೆದನ್ನ ಮೊದಲು ತಗೋಬಹುದಿತ್ತು. ಇದನ್ನೇ ತಗೊಂಡೆ.

ಅಪ್ಪ ಎರಡು ಲೋಟ ಕಾಫಿ ತಂದು ಪಕ್ಕದ ಸ್ಟೂಲ್ ಮೇಲೆ ಕೂತ್ರು. ಹದಿನಾಲ್ಕು ದಿನದಲ್ಲಿ ಮೊದಲ ಸಲ. ಸ್ಕ್ರೀನ್ ನೋಡ್ತಾನೇ ಕೇಳಿದ್ರು.

"ಕಾಲೇಜಿಗೆ ಅಂತ ಹೊರಟು ಎಲ್ಲಿ ಕೂತಿರ್ತಿದ್ದೆ?"

"ಬಸ್ ಸ್ಟಾಂಡಲ್ಲಿ."

"ಯಾವ ಕಡೆ?"

"ನಾಲ್ಕನೇ ಪ್ಲಾಟ್‌ಫಾರಂ."

ಲೋಟ ಬಾಯಿವರೆಗೆ ಹೋಗಿದ್ದು ಅಲ್ಲೇ ನಿಂತಿತು. "ಒಂಬತ್ತೂವರೆಗೆ ನಾನು ಚೀಲ ಇಳಿಸ್ಕೊಳ್ಳೋಕೆ ಅಲ್ಲಿಗೇ ಬರ್ತಿದ್ದೆ."

"ಗೊತ್ತು ಅಪ್ಪ. ಕಂಬದ ಹಿಂದೆ ಇರ್ತಿದ್ದೆ."

"ದಿನಾ?"

"ದಿನಾ."

ಸ್ಕ್ರೀನಲ್ಲಿ ಮೇಷ್ಟ್ರು ಏನೋ ಹೇಳ್ತಾ ಹೋದ್ರು, ಒಂದಕ್ಷರ ಕಿವಿಗೆ ಬೀಳಲಿಲ್ಲ. ಆಮೇಲೆ ಅಪ್ಪ, "ಒಂದೇ ಒಂದು ಸಲ ಅಪ್ಪಾ ಅಂತ ಕೂಗಬಾರದಿತ್ತೇನೇ..." ಅಂದ್ರು.

ಪೆನ್ನು ತಗೊಂಡು ಇದನ್ನ ಬರೀತಿದ್ದೀನಿ. ನೋಟ್ಸ್ ಅಂದ್ಕೊಂಡಿದ್ದಾರೆ. ಕನ್ನಡಕ ಒರೆಸ್ತಾ ಇದ್ದಾರೆ, ಎದ್ದು ಹೋಗಿಲ್ಲ. ಅಷ್ಟೊಂದು ಏನು ಬರ್ಕೊಂಡೆ ಅಂತ ಕೇಳ್ತಿದ್ದಾರೆ, ಬಗ್ಗಿ ಮಾತ್ರ ನೋಡ್ತಿಲ್ಲ. ಬೇರೆಯವರದ್ದು ಓದೋ ಜಾತಿಯವರಲ್ಲವಲ್ಲ. ಮಾರ್ಚ್ ಹತ್ತರ ಪುಟ ತೆಗೆದು ನಾನೇ ಅವರ ಕಡೆ ತಿರುಗಿಸ್ತೀನಿ, ಓದ್ಲಿ.