ಪಾಚಿ ತೊಳೆದ ತಪ್ಪಿಗೆ

ನಮ್ಮ ಮನೆಯ ಬಚ್ಚಲಿನ ಕಡತ ಈಗ ಯಾವ ಮೇಜಿನ ಮೇಲಿದೆ ಎಂದು ಬಲ್ಲ ಏಕೈಕ ವ್ಯಕ್ತಿಯಾದ, ಪುರಸಭೆಯ ಮಾನ್ಯ ಮುಖ್ಯಾಧಿಕಾರಿಗಳೇ,

ಎಪ್ಪತ್ನಾಲ್ಕು ವರ್ಷದ ಒಬ್ಬ ಹೆಂಗಸು ತನ್ನ ಸ್ವಂತ ಮನೆಯಲ್ಲಿ ಶೌಚಕ್ಕೆ ಕೂರುವ ಸಲುವಾಗಿ ತಮ್ಮ ಸಹಿಗೆ ಎಂಬತ್ತೊಂಬತ್ತು ದಿನಗಳಿಂದ ಕಾಯುತ್ತಿದ್ದಾಳೆ. ನನ್ನ ದೂರು ಇಷ್ಟೇ. ಉಳಿದದ್ದು ವಿವರ. ವಿವರವಿಲ್ಲದ ಅರ್ಜಿಯನ್ನು ತಮ್ಮ ಟಪಾಲು ವಿಭಾಗ ಮುಟ್ಟುವುದಿಲ್ಲವಾದ್ದರಿಂದ ಅದನ್ನೂ ಬರೆಯುತ್ತೇನೆ. ಊರಿನ ಹೆಸರು ಬರೆಯುವುದಿಲ್ಲ. ತಮಗೆ ಗೊತ್ತು, ನನಗೆ ಗೊತ್ತು, ನಮ್ಮ ಬೀದಿಗಂತೂ ಚೆನ್ನಾಗಿ ಗೊತ್ತು.

ಆ ಹೆಂಗಸು ನನ್ನ ಅತ್ತೆ ಸಿದ್ದಲಿಂಗಮ್ಮ. ಫೆಬ್ರವರಿ ಆರರ ಬೆಳಿಗ್ಗೆ ನಮ್ಮ ಹಳೆಯ ಬಚ್ಚಲಿನಲ್ಲಿ ಪಾಚಿಯ ಮೇಲೆ ಕಾಲು ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಮೈಸೂರಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಇನ್ನು ಮುಂದೆ ಕುಕ್ಕರುಗಾಲಲ್ಲಿ ಕೂರಕೂಡದು, ಮೆಟ್ಟಿಲು ಇಳಿಯಕೂಡದು, ಕಮೋಡು ಬೇಕು, ಪಕ್ಕದಲ್ಲಿ ಹಿಡಿದುಕೊಳ್ಳಲು ಕಂಬಿ ಬೇಕು ಎಂದು ವೈದ್ಯರು ಬರೆದುಕೊಟ್ಟರು. ನಮ್ಮ ಬಚ್ಚಲು ಮನೆಯ ಹಿಂಬದಿಯಲ್ಲಿ ಎರಡು ಮೆಟ್ಟಿಲು ಕೆಳಗಿದೆ. ಅದರಲ್ಲಿ ಒಂದು ಹಂಡೆ, ಒಂದು ಒಲೆ, ನುಣುಪು ಕಡಪ ಕಲ್ಲಿನ ನೆಲ. ಪಕ್ಕದಲ್ಲಿ ಕುಕ್ಕರುಗಾಲಿನ ಕಕ್ಕಸು. ಎರಡನ್ನೂ ಸೇರಿಸಿ, ನೆಲವನ್ನು ಮನೆಯ ಮಟ್ಟಕ್ಕೆ ಏರಿಸಿ, ವಾಕರ್ ತಿರುಗಲು ಜಾಗವಾಗುವಂತೆ ಹಿಂದಿನ ಗೋಡೆಯನ್ನು ನಮ್ಮದೇ ಹಿತ್ತಲಿಗೆ ಎರಡೂವರೆ ಅಡಿ ಸರಿಸಿ, ಪೈಪನ್ನು ಒಳಚರಂಡಿಗೆ ಸೇರಿಸಬೇಕು. ನಾವು ಕೇಳಿದ್ದು ಈ ಎರಡೂವರೆ ಅಡಿಯನ್ನು, ಒಂದು ಪೈಪನ್ನು.

ಆಸ್ಪತ್ರೆಯವರು ಹೇಳಿದ ಕಮೋಡು ಕುರ್ಚಿಯನ್ನು ತರಬಾರದಿತ್ತೇ ಎಂದು ತಾವು ಕೇಳಬಹುದು. ತಂದೆವು. ಅದು ಬಚ್ಚಲಿನ ಬಾಗಿಲಲ್ಲಿ ಹಿಡಿಸಲಿಲ್ಲ. ನಡುಮನೆಯಲ್ಲಿ ಪರದೆ ಕಟ್ಟಿ ಇಟ್ಟರೆ ಅತ್ತೆ ಅದರ ಕಡೆ ತಿರುಗಿಯೂ ನೋಡಲಿಲ್ಲ. "ದೇವರ ಮನೆ ಆ ಕಡೆ, ಅಡುಗೆಮನೆ ಈ ಕಡೆ, ಮಧ್ಯದಾಗೆ ನಾನು ಕುಂತ್ಕಬೇಕಾ? ನನ್ ಸೊಂಟ ಮುರುದದೆ ಕಣವ್ವ, ಮಾನ ಮುರುದಿಲ್ಲ," ಎಂದರು. ನನ್ನ ಗಂಡ ಲೋಕೇಶ ಅಂದೇ ಪರದೆ ಬಿಚ್ಚಿ ಕುರ್ಚಿಯನ್ನು ಅಟ್ಟಕ್ಕೆ ಹಾಕಿದ.

ನಾನು ಅನುಮತಿ ಕೇಳಿದ್ದೇಕೆ ಎಂಬುದಕ್ಕೂ ಕಾರಣವಿದೆ. ಮಾರ್ಚ್ ಮೊದಲ ವಾರ ತಮ್ಮ ಕಚೇರಿಯ ಆಟೋ ನಮ್ಮ ಬೀದಿಯಲ್ಲಿ ಧ್ವನಿವರ್ಧಕ ಕಟ್ಟಿಕೊಂಡು ಬಂತು. ಅನುಮತಿಯಿಲ್ಲದೆ ಒಳಚರಂಡಿಗೆ ಸಂಪರ್ಕ ಪಡೆದರೆ ಕಡಿತಗೊಳಿಸಲಾಗುವುದು ಎಂದು ಎರಡು ಸಲ ಕೂಗಿತು. ಬೀದಿಯಲ್ಲಿ ಅದನ್ನು ಕೇಳಿಸಿಕೊಂಡು ನಂಬಿದವಳು ನಾನೊಬ್ಬಳೇ. ನಮ್ಮ ಬೀದಿಯಲ್ಲಿ ಐದು ವರ್ಷಗಳಲ್ಲಿ ಹನ್ನೊಂದು ಮನೆಗಳಿಗೆ ಕಮೋಡು ಬಂದಿದೆ. ಎಣಿಸಿ ಹೇಳುತ್ತಿದ್ದೇನೆ. ಹನ್ನೊಂದರಲ್ಲಿ ಒಂದಕ್ಕೂ ಅರ್ಜಿ ಇಲ್ಲ, ಒಂದೂ ಕಡಿತಗೊಂಡಿಲ್ಲ. ಕಿಕ್ಕೇರಿಯಿಂದ ಬರುವ ನಮ್ಮ ಗಾರೆ ಮೇಸ್ತ್ರಿ ದೇವಯ್ಯ ಅಂದೇ ಎಚ್ಚರಿಸಿದ್ದ. "ಅಕ್ಕಾ, ಕೇಳಕೋಗ್ಬೇಡಿ. ಕೇಳ್ದೋರ್ಗೆ ಕಾನೂನು, ಕಟ್ದೋರ್ಗೆ ಕಮೋಡು. ಎಂಟು ದಿವ್ಸ ಬುಡಿ ನಂಗೆ, ಮುಗ್ಸ್ಬುಟ್ಟು ಓಯ್ತೀನಿ." ನಾನು ಅವನಿಗೆ ಪೌರಪ್ರಜ್ಞೆಯ ಬಗ್ಗೆ ಹತ್ತು ನಿಮಿಷ ಮಾತಾಡಿದೆ. ಆತ ಕರಣೆ ತೊಳೆದುಕೊಂಡು ಊರಿಗೆ ಹೋದ. ಈಗ ವಾರಕ್ಕೊಂದು ಸಲ ಫೋನು ಮಾಡಿ, "ಪೌರಪ್ರಜ್ಞೆ ಎಲ್ಲಿಗೆ ಬಂತಕ್ಕಾ?" ಎಂದು ವಿಚಾರಿಸುತ್ತಾನೆ.

ಮಾರ್ಚ್ ಹದಿಮೂರರಂದು ನಕ್ಷೆ, ತೆರಿಗೆ ರಸೀದಿ, ಖಾತೆಯ ನಕಲು, ವೈದ್ಯರ ಪತ್ರ ಎಲ್ಲವನ್ನೂ ಲಗತ್ತಿಸಿ ಅರ್ಜಿ ಕೊಟ್ಟೆ. ಏಪ್ರಿಲ್ ಒಂಬತ್ತಕ್ಕೆ ಸ್ಥಳ ಪರಿಶೀಲನೆ ಎಂದು ತಿಳಿಸಿದಿರಿ. ಇಲ್ಲಿಯವರೆಗೆ ತಮ್ಮ ಕಚೇರಿಯದೇನೂ ತಪ್ಪಿಲ್ಲ. ತಪ್ಪು ಏಪ್ರಿಲ್ ಎಂಟರಂದು ನಮ್ಮ ಮನೆಯಲ್ಲಿ ನಡೆಯಿತು, ಅದನ್ನು ಒಪ್ಪಿಕೊಳ್ಳುತ್ತೇನೆ.

ಮಾನ್ಯರೇ, ನಮ್ಮ ಕಡೆ ಹೊರಗಿನವರು ಮನೆಗೆ ಬರುತ್ತಾರೆಂದರೆ ಮೊದಲು ಸುಣ್ಣದ ಡಬ್ಬ ಹುಡುಕುತ್ತಾರೆ. ಬರುವವರು ಬೀಗರೇ ಆಗಬೇಕಿಲ್ಲ, ಜನಗಣತಿಯವರಾದರೂ ಸಾಕು. ಪರಿಶೀಲನೆಯ ಸುದ್ದಿ ತಿಳಿದ ಅತ್ತೆ ಹಿಂಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. "ಸರ್ಕಾರದವ್ರು ಬತ್ತಾವ್ರೆ. ಈ ಪಾಚಿ, ಈ ಮಸಿ ಎಲ್ಲಾನೂವೆ ಇಂಗೇ ತೋರ್ಸಿಯಾ? ನಾಳೆ ಕಚೇರಿಯಾಗೆ ಏನಂತಾರೆ, ಸಿದ್ದಲಿಂಗಮ್ಮನ ಸೊಸೆಗೆ ಬಚ್ಚಲು ಉಜ್ಜಕ್ಕೂ ಬರಕ್ಕಿಲ್ಲ ಅನ್ನಕಿಲ್ವಾ?" ಎಂದರು. ನಾನು ಪಾಚಿ ಉಜ್ಜಿದೆ. ಲೋಕೇಶ ಎರಡು ಕೈ ಸುಣ್ಣ ಹೊಡೆದ. ಮಗಳು ಅನು ಹುಣಸೆಹಣ್ಣು ಹಾಕಿ ಹಂಡೆ ಬೆಳಗಿದಳು. ಕೊನೆಗೆ ಬಚ್ಚಲಿನ ಹೊಸ್ತಿಲಿಗೆ ಒಂದು ಪುಟ್ಟ ರಂಗೋಲಿಯೂ ಬಿತ್ತು. ಅತ್ತೆಯನ್ನು ಬೀಳಿಸಿದ ಪಾಚಿಯೇ ನಮ್ಮ ಅರ್ಜಿಯ ಪ್ರಮುಖ ಸಾಕ್ಷಿ ಎಂದು ಮೂವರಿಗೂ ಹೊಳೆಯಲಿಲ್ಲ. ಸಾಕ್ಷಿಯನ್ನು ನಾವೇ ಬಕೆಟ್ಟುಗಟ್ಟಲೆ ನೀರು ಹೊಯ್ದು ಮೋರಿಗೆ ಬಿಟ್ಟೆವು.

ಮರುದಿನ ತಮ್ಮ ಕಿರಿಯ ಇಂಜಿನಿಯರ್ ಬಂದರು. ಸೌಜನ್ಯದ ಯುವಕ. ಬಚ್ಚಲು ನೋಡಿ, "ಚೆನ್ನಾಗಿ ಇಟ್ಕೊಂಡಿದೀರಿ ಕಣಜ್ಜಿ," ಎಂದರು. ಅತ್ತೆ ಹಿಗ್ಗಿಹೋಗಿ ಅವರಿಗೆ ಎರಡನೆಯ ಲೋಟ ಕಾಫಿ ಕೊಡಿಸಿದರು. ಕಾಫಿ ಮುಗಿಸಿ ಅವರು ಬರೆದ ಷರಾ ನನ್ನ ಬಳಿ ಇದೆ: "ಸದರಿ ಸ್ನಾನಗೃಹವು ಸುಸ್ಥಿತಿಯಲ್ಲಿದ್ದು ನವೀಕರಣದ ಅಗತ್ಯ ಕಂಡುಬಂದಿರುವುದಿಲ್ಲ. ಹೊಸದಾಗಿ ಸುಣ್ಣ ಬಳಿದಿರುವುದು ಕಂಡುಬಂದಿದ್ದು, ಅನುಮತಿಗೆ ಮುನ್ನವೇ ಕಾಮಗಾರಿ ಆರಂಭಿಸಿರುವ ಬಗ್ಗೆ ಅರ್ಜಿದಾರರಿಂದ ವಿವರಣೆ ಪಡೆಯುವುದು."

ಮೂವತ್ತು ವರ್ಷಗಳಿಂದ ದಿನಕ್ಕೆರಡು ಪತ್ರಿಕೆ ಓದುತ್ತಿದ್ದೇನೆ. ಎರಡು ಪತ್ರಿಕೆಗಳು ಒಂದೇ ಘಟನೆಯ ಬಗ್ಗೆ ಬೇರೆಬೇರೆ ಸುದ್ದಿ ಬರೆಯುವುದನ್ನು ಕಂಡಿದ್ದೇನೆ. ಒಬ್ಬರೇ ಅಧಿಕಾರಿ ಎರಡು ವಾಕ್ಯಗಳಲ್ಲಿ ಆ ಸಾಧನೆ ಮಾಡಿದ್ದು ಇದೇ ಮೊದಲು. ನವೀಕರಣದ ಅಗತ್ಯವೇ ಇಲ್ಲವೆಂದಾದರೆ ನಾನು ಆರಂಭಿಸಿದ ಕಾಮಗಾರಿ ಯಾವುದು? ಸುಣ್ಣ ಹೊಡೆಯುವುದೇ ಕಾಮಗಾರಿಯಾದರೆ, ಪ್ರತಿ ಯುಗಾದಿಗೆ ಈ ಪಟ್ಟಣದ ಎಷ್ಟು ಮನೆಗಳಿಗೆ ತಾವು ನೋಟಿಸು ಕೊಡುತ್ತೀರಿ? ಸುಣ್ಣ ಬಳಿದ ಗೋಡೆಯ ಬುಡದಲ್ಲಿ ಎರಡು ಮೆಟ್ಟಿಲು ಹಾಗೆಯೇ ಇದ್ದವು. ಕುಕ್ಕರುಗಾಲಿನ ಕಕ್ಕಸು ಹಾಗೆಯೇ ಇತ್ತು. ಅರ್ಜಿಯ ಮೂರನೆಯ ಪುಟದಲ್ಲಿ ವೈದ್ಯರ ಪತ್ರವಿತ್ತು. ಎದುರಿಗೆ ವಾಕರ್ ಹಿಡಿದು ಸಾಕ್ಷಾತ್ ಸೊಂಟವೇ ಕಾಫಿ ಕೊಡಿಸುತ್ತಿತ್ತು. ಗೋಡೆ ಬೆಳ್ಳಗಿದ್ದರೆ ಮೂಳೆ ಕೂಡಿಕೊಳ್ಳುತ್ತದೆ ಎಂದು ಯಾವ ಸುತ್ತೋಲೆಯಲ್ಲಿದೆ?

ವಿವರಣೆ ಬರೆದುಕೊಟ್ಟೆ. ತಮ್ಮ ಕಚೇರಿಯ ಗುಮಾಸ್ತರು ಅದನ್ನು ಓದಿ, ಬಹಳ ಮರುಕದಿಂದ ಒಂದು ದಾರಿ ತೋರಿಸಿದರು. "ಮೇಡಮ್ಮಾರೆ, ಮೊದ್ಲು ಎಂಗಿತ್ತೋ ಅಂಗೇ ಮಾಡಿ. ಮರುಪರಿಶೀಲನೆ ಹಾಕ್ಸ್ತೀನಿ." ಮನೆಗೆ ಬಂದು ಅತ್ತೆಗೆ ಹೇಳಿದೆ. "ನಿಮ್ಮ ಮಾವ ಇದ್ದಾಗ್ಲಿಂದ ಕಟ್ಟಿದ್ದ ಪಾಚಿ ಕಣಮ್ಮಿ ಅದು. ಒಂದ್ ವಾರದಾಗೆ ನಾ ಎಲ್ಲಿಂದ ತರ್ಲಿ? ತೊಣ್ಣೂರು ಕೆರೆಯಿಂದ ತಂದು ಅಂಟ್ಸ್ಲಾ?" ಎಂದರು. ಮಾನ್ಯರೇ, ಇದೇ ಪ್ರಶ್ನೆಯನ್ನು ತಮಗೆ ವರ್ಗಾಯಿಸುತ್ತಿದ್ದೇನೆ. ಪಾಚಿ ಬೆಳೆಸಲು ನಿಗದಿತ ನಮೂನೆ ಇದೆಯೇ? ಬೆಳೆದ ಪಾಚಿ ಮೂಲ ಪಾಚಿಯೇ ಎಂದು ದೃಢೀಕರಿಸುವವರು ಯಾರು?

ಪಾಚಿ ಆಗದಿದ್ದರೆ ಹಳೆಯ ಸ್ಥಿತಿಯ ಛಾಯಾಚಿತ್ರವಾದರೂ ಕೊಡಿ ಎಂದರು. ಬಚ್ಚಲಿನ ಫೋಟೋ ಯಾರು ತೆಗೆಯುತ್ತಾರೆ? ಇಡೀ ಮನೆ ಜಾಲಾಡಿದಾಗ ಸಿಕ್ಕಿದ್ದು ಒಂದೇ. ಅತ್ತೆ ಬಚ್ಚಲಲ್ಲಿ ಕಾಲು ಚಾಚಿ ಕೂತು, ಆಗಷ್ಟೇ ನೀರು ಹಾಕಿದ ಕೂಸನ್ನು ಟವೆಲ್ಲಿನಲ್ಲಿ ಸುತ್ತಿ ಮಡಿಲಲ್ಲಿ ಮಲಗಿಸಿಕೊಂಡಿದ್ದಾರೆ. ಕೂಸು ಬಾಯಿ ಬಿಟ್ಟು ಅಳುತ್ತಿದೆ. ಹಿಂದೆ ಗೋಡೆಯ ಮೇಲೆ ಆಳೆತ್ತರದ ಪಾಚಿ. ಆ ಕೂಸು ಅನು. ಈಗ ಬಿ.ಕಾಂ. ಎರಡನೆಯ ವರ್ಷ. "ಅಮ್ಮಾ, ಆ ಮುಖ ನೋಡು, ಕುಂಬಳಕಾಯಿ ಬಿದ್ದೊಡೆದಂಗದೆ. ಅದ್ನ ಮುನ್ಸಿಪಾಲ್ಟಿ ಫೈಲಿಗೆ ಹಾಕ್ತೀಯಾ?" ಎಂದು ಎರಡು ದಿನ ಮಾತು ಬಿಟ್ಟಳು. ಅಜ್ಜಿಯ ಮುಖ ನೋಡಿ ಮೂರನೆಯ ದಿನ ಒಪ್ಪಿದಳು. ಮೇ ಐದರಂದು ಫೋಟೋ ಸಲ್ಲಿಸಿದೆ. ಎಂಟರಂದು ಹಿಂಬರಹ ಬಂತು: "ಛಾಯಾಚಿತ್ರದಲ್ಲಿರುವ ಮಗುವಿಗೂ ಅರ್ಜಿದಾರರಿಗೂ ಇರುವ ಸಂಬಂಧ ಸ್ಪಷ್ಟಪಡಿಸುವುದು. ಛಾಯಾಚಿತ್ರವು ಆರು ತಿಂಗಳೊಳಗಿನದಾಗಿರತಕ್ಕದ್ದು." ಸಂಬಂಧ ತಾಯಿ ಎಂದು ಬರೆದುಕೊಟ್ಟೆ. ಮಗುವನ್ನು ಆರು ತಿಂಗಳೊಳಗಿನದನ್ನಾಗಿ ಮಾಡಲು ನನ್ನಿಂದಾಗಲಿಲ್ಲ.

ತಮ್ಮ ಕಚೇರಿಯಲ್ಲಿ ಈ ಪತ್ರವನ್ನು ಓದುವ ಉಳಿದವರಿಗೆ ನಗು ಬರಬಹುದು. ನಾವೂ ನಕ್ಕೆವು, ಮೇ ಇಪ್ಪತ್ತೆರಡರವರೆಗೆ.

ಅತ್ತೆ ಈ ಮೂರು ತಿಂಗಳು ಶೌಚಕ್ಕೆ ಎಲ್ಲಿಗೆ ಹೋಗುತ್ತಿದ್ದರು ಎಂದು ತಮ್ಮ ಕಡತದಲ್ಲಿ ಎಲ್ಲೂ ಇಲ್ಲ. ಎದುರು ಮನೆಯ ಪುಟ್ಟಗೌರಮ್ಮನವರ ಮನೆಗೆ. ಮೋರಿ ನೀರಿನ ಜಗಳವಾಗಿ ಇವರಿಬ್ಬರೂ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಬೀದಿ ದಾಟಲು ವಾಕರಿನಲ್ಲಿ ನಲವತ್ತೆರಡು ಹೆಜ್ಜೆ. ಮೊದಲ ದಿನ ಪುಟ್ಟಗೌರಮ್ಮ ಜಗಲಿಯ ಮೇಲೆ ನಿಂತು, "ನಮ್ ಮೋರಿ ನೀರು ಆಗಾಕಿಲ್ಲ ಅಂದೋರು ನಮ್ ಕಮೋಡಿಗೇ ಬತ್ತಾವ್ರೆ ನೋಡ್ರಪ್ಪೋ," ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದರು. ಅತ್ತೆ, "ನಿನ್ ಮೋರೆ ನೋಡಕ್ ಬಂದಿಲ್ಲ ಕಣೇ ಗೌರಿ, ಬಾಗ್ಲು ತಗಿ," ಎಂದರು. ಪುಟ್ಟಗೌರಮ್ಮ ಬಾಗಿಲು ತೆಗೆದರು. ಅಂದಿನಿಂದ ಒಂದು ದಿನವೂ ಇಲ್ಲವೆನ್ನಲಿಲ್ಲ. ಮೆಟ್ಟಿಲಿನ ಪಕ್ಕ ವಾಕರ್ ಹತ್ತಲು ತಾವೇ ಒಂದು ಇಳಿಜಾರು ಹಲಗೆ ಹಾಕಿಸಿದರು. ಅದಕ್ಕೆ ಅನುಮತಿ ಪಡೆದಿಲ್ಲವೆಂದು ಈ ಮೂಲಕ ತಮ್ಮ ಗಮನಕ್ಕೆ ತರುತ್ತೇನೆ.

ಆದರೆ ದಿನಕ್ಕೆ ಐದಾರು ಸಲ ಬೇರೆಯವರ ಬಾಗಿಲು ತಟ್ಟುವುದು ಅತ್ತೆಗೆ ಆಗಲಿಲ್ಲ. ಅದನ್ನು ಅವರು ಯಾರಿಗೂ ಹೇಳಲಿಲ್ಲ. ನೀರು ಕುಡಿಯುವುದನ್ನು ಬಿಟ್ಟರು. ಕಾಫಿ ಬೇಡ, ಎದೆಯುರಿ ಎಂದರು. ಮಜ್ಜಿಗೆ ಬೇಡ, ಶೀತ ಎಂದರು. ಬೇಸಿಗೆಯ ಬಿಸಿಲಲ್ಲಿ ದಿನಕ್ಕೊಂದು ಲೋಟ ನೀರಿನಲ್ಲಿ ಕಳೆದರು, ಒಂದೇ ಮನೆಯಲ್ಲಿದ್ದ ನಮಗೆ ಗೊತ್ತಾಗಲಿಲ್ಲ. ಮೇ ಇಪ್ಪತ್ತೆರಡರಂದು ಚಳಿಜ್ವರ ಬಂತು. ಮೂತ್ರದ ಸೋಂಕು ಮೂತ್ರಪಿಂಡಕ್ಕೆ ಏರುತ್ತಿದೆ ಎಂದು ಆಸ್ಪತ್ರೆಯಲ್ಲಿ ನಾಲ್ಕು ದಿನ ಇಟ್ಟುಕೊಂಡರು. ಯಾಕಜ್ಜಿ ನೀರು ಕುಡಿಯಲಿಲ್ಲ ಎಂದು ವೈದ್ಯೆ ಕೇಳಿದಾಗ ಅತ್ತೆ ನನ್ನ ಕಡೆ ನೋಡದೆ, "ಕುಡುದ್ರೆ ಓಗ್ಬೇಕಾಯ್ತದಲ್ಲವ್ವಾ," ಎಂದರು. ಇನ್ನೊಮ್ಮೆ ಹೀಗಾದರೆ ಕಷ್ಟ ಎಂದು ವೈದ್ಯೆ ನನ್ನನ್ನು ಹೊರಗೆ ಕರೆದು ಹೇಳಿದ್ದಾರೆ. ಡಿಸ್ಚಾರ್ಜ್ ಚೀಟಿಯ ಪ್ರತಿಯನ್ನು ಲಗತ್ತಿಸಿದ್ದೇನೆ. ಅದು ಆರು ತಿಂಗಳೊಳಗಿನದೇ.

ತಮ್ಮ ಕಚೇರಿಯ ಪರವಾಗಿ ಒಂದು ಮಾತು ಹೇಳಲೇಬೇಕು. ನನ್ನನ್ನು ಯಾರೂ ಲಂಚ ಕೇಳಲಿಲ್ಲ. ಕೇಳಿದ್ದರೆ ಈ ಕೆಲಸ ಮುಗಿಯಲಿ ಎಂದು ಬಯಸುವವರು ಅಲ್ಲಿ ಒಬ್ಬರಾದರೂ ಇದ್ದಾರೆ ಎಂಬ ಸಮಾಧಾನವಾದರೂ ಇರುತ್ತಿತ್ತು. ಎಲ್ಲರೂ ನಗುನಗುತ್ತಾ ಮಾತಾಡಿಸಿದರು, ಕೂರಲು ಹೇಳಿದರು. ಯಾರಿಗೂ ನನ್ನ ಮೇಲೆ ದ್ವೇಷವಿಲ್ಲ. ದ್ವೇಷವೇ ಇಲ್ಲದೆ ಒಬ್ಬ ಮುದುಕಿಯ ನೀರು ನಿಲ್ಲಿಸಬಹುದು ಎಂಬುದು ನನಗೆ ಹೊಸ ವಿಷಯ.

ಹಾಗಾಗಿ ನನ್ನ ಬೇಡಿಕೆ. ಬರುವ ಶುಕ್ರವಾರದೊಳಗೆ ಟೇಪು ಹಿಡಿದು ಯಾರಾದರೂ ಬರಲಿ. ಶನಿವಾರ ಎರಡನೆಯ ಶನಿವಾರವೆಂದು ನನಗೆ ಗೊತ್ತು, ಅದಕ್ಕೇ ಶುಕ್ರವಾರ. ಗೋಡೆಯ ಬಣ್ಣ ನೋಡುವುದು ಬೇಡ. ಮೆಟ್ಟಿಲು ಎರಡಿವೆಯೇ, ಹಿತ್ತಲು ನಮ್ಮದೇ ಹೌದೇ, ಒಳಚರಂಡಿ ಎಷ್ಟು ಅಡಿ ದೂರ ಎಂಬ ಮೂರನ್ನು ಅಳೆದು ಅನುಮತಿ ಕೊಡಿ. ಕೊಡಲಾಗದಿದ್ದರೆ ಆಗದು ಎಂದು ಕಾರಣ ಸಹಿತ ಬರೆದು ಸಹಿ ಮಾಡಿ. ಆ ಕಾಗದವನ್ನು ಹಿಡಿದು ಎಲ್ಲಿಗೆ ಹೋಗಬೇಕೆಂದು ನನಗೆ ಗೊತ್ತಿದೆ.

ಎರಡೂ ಆಗದಿದ್ದರೆ ಏನೆಂಬುದನ್ನು ನಾನು ಯೋಚಿಸಿರಲಿಲ್ಲ. ನಿನ್ನೆ ಈ ಪತ್ರವನ್ನು ಓದಿ ಹೇಳುವಾಗ ಅತ್ತೆಯೇ ಕೇಳಿದರು: "ಆ ಸಾಹೇಬ್ರು ಎಲ್ಲಿ ಓಯ್ತಾರೆ?" ನಾನು ಕಂಡದ್ದನ್ನು ಹೇಳಿದೆ. ತಮ್ಮ ಕೊಠಡಿಗೆ ಹೊಂದಿಕೊಂಡೇ ಒಂದು ಶೌಚಾಲಯವಿದೆ. ಕಮೋಡು ಇದೆ, ಸ್ಟೀಲ್ ಕಂಬಿ ಇದೆ, ಹೊಸ್ತಿಲಿಲ್ಲ, ಜಾರದ ಟೈಲ್ಸ್ ಇದೆ, ಬಾಗಿಲು ಮೂರು ಅಡಿ ಅಗಲವಿದೆ. ನಮ್ಮ ನಕ್ಷೆಯನ್ನೇ ನೋಡಿ ಕಟ್ಟಿದಂತಿದೆ. "ಅಂಗಾರೆ ಅದು ಸರ್ಕಾರದ್ದು ತಾನೆ? ನಾನೂ ಕಂದಾಯ ಕಟ್ಟಿವ್ನಿ. ಸೋಮ್ವಾರದಿಂದ ಅಲ್ಲಿಗೇ ಓಗನ, ಆಟೋಗೆ ಯೋಳ್ಬುಡು," ಎಂದರು.

ಆಟೋದವರಿಗೆ ಹೇಳಿದ್ದೇನೆ. ಕಚೇರಿ ತೆರೆದಿರುವ ಎಲ್ಲ ದಿನವೂ ಬರುತ್ತೇವೆ. ಸಭೆ ನಡೆಯುತ್ತಿದ್ದರೆ ಹೊರಗೆ ಕಾಯುತ್ತೇವೆ, ಆದರೆ ಬಹಳ ಹೊತ್ತು ಕಾಯಲಾಗದು. ಏಕೆಂದರೆ ವೈದ್ಯರ ಸಲಹೆಯಂತೆ ಅತ್ತೆ ಮನೆಯಿಂದ ಹೊರಡುವ ಮೊದಲು ಎರಡು ಚೊಂಬು ನೀರು ಕುಡಿದಿರುತ್ತಾರೆ.

ಇಂತಿ,
ಸೋಮವಾರ ಹತ್ತೂವರೆಗೆ ತಮ್ಮ ಬಾಗಿಲಲ್ಲಿ ನಿಲ್ಲಲಿರುವ ಇಬ್ಬರಲ್ಲಿ ಕಿರಿಯಳು,
ಪ್ರಮೀಳಾ