ಏಳು ಹೆಸರು, ಆರು ಮಕ್ಕಳು

ನವೆಂಬರ್ ೧೪, ಶುಕ್ರವಾರ

ಡಬ್ಲಿನ್ನಿನಿಂದ ತಂದ ಆ ಹಾಳೆ ಕಣ್ಣಿಂದ ಹೋಗ್ತಿಲ್ಲ. ೧೯೧೧ರ ಜನಗಣತಿ, ಮುತ್ತಜ್ಜನ ಮನೆ. ಮಕ್ಕಳ ಹೆಸರು ಏಳು. ಕೊನೆಯದು ನನ್ನ ತಾತ ಕೋಲ್ಮನ್, ಎರಡು ವರ್ಷ, 'ಮಗ'. ಮುತ್ತಜ್ಜಿಯ ಸಾಲಿನಲ್ಲಿ, ಹೆತ್ತ ಮಕ್ಕಳೆಷ್ಟು ಅನ್ನುವ ಕಡೆ ಮಾತ್ರ, ಆರು.

ಅಪ್ಪನಿಗೆ ತೋರಿಸಿದೆ. "ತಪ್ಪಾಗಿರತ್ತೆ ಬಿಡೇ. ಮುತ್ತಜ್ಜನಿಗೆ ಅಕ್ಷರ ಎಲ್ಲಿ ಬರ್ತಿತ್ತು?" ಅಂದ.

ನಿಜ, ಸಹಿಯ ಜಾಗದಲ್ಲಿ ಬರೀ ಇಂಟು ಗುರುತು. ಹಾಗಾದರೆ ಬರೆದವರು ಯಾರು? ಅಪ್ಪ ಕನ್ನಡಕ ಏರಿಸಿ ನೋಡಿದ. ಎದ್ದುಹೋಗಿ ಡೀಲಿಯಾ ಅತ್ತೆಯ ಹಳೇ ಕ್ರಿಸ್‌ಮಸ್ ಕಾರ್ಡು ತಂದು ಪಕ್ಕದಲ್ಲಿಟ್ಟ. ಅದೇ ಕೈಬರಹ. ಅವಳು ತಾತನ ದೊಡ್ಡಕ್ಕ. ಆಗ ಹದಿನೆಂಟು, ಆಮೇಲೆ ಬಾಸ್ಟನ್ನಿಗೆ ಹೋದವಳು ತಿರುಗಿ ಬರಲೇ ಇಲ್ಲ.

"ಅವಳ ಕಾಗದ ಬಂದ್ರೆ ನಮ್ಮಪ್ಪ ಒಡೀತಾನೇ ಇರ್ಲಿಲ್ಲ ಕಣೇ. ಅಮ್ಮನೇ ಓದಿ ಹೇಳ್ಬೇಕಿತ್ತು," ಅಂದ ಅಪ್ಪ.

ತಾತನಿಗೆ ಗೊತ್ತಿತ್ತು.

ತಾನು ಹೆತ್ತ ಕೂಸನ್ನು ತನ್ನಪ್ಪನ ಮಗ ಅಂತ ಕೈಯಾರೆ ಬರೆದಳಲ್ಲ, ಹುಡುಗಿ. ಅಮ್ಮನ ಲೆಕ್ಕಕ್ಕೆ ಮಾತ್ರ ಅವನನ್ನು ಸೇರಿಸಲಿಲ್ಲ. ಯಾವತ್ತಾದರೂ ಯಾರಾದರೂ ಎಣಿಸಿ ನೋಡಲಿ ಅಂತಲೇ?

ಅಪ್ಪ ಕಾರ್ಡನ್ನು ಒಳಗಿಡಲಿಲ್ಲ. ನಾನು ಹೊರಡುವಾಗ ಅದರ ಮೇಲೆ ಬೆರಳಾಡಿಸುತ್ತಾ, "ಅಜ್ಜಿ," ಅಂದ. ಎಂಬತ್ತೈದು ವರ್ಷ ಅತ್ತೆ ಅಂದ ಬಾಯಲ್ಲಿ, ಮೆಲ್ಲಗೆ, ರುಚಿ ನೋಡುವ ಹಾಗೆ.