ಪೆಡಲ್ ಒತ್ತಿದ ಕಾಲು ನನ್ನದು

ಕುಳ್ಳಿಗೆ,

ಕರ್ತನ ಕೃಪೆ ನಿನ್ನ ಮೇಲಿರಲಿ. ಅಕ್ಕ ಕಾಗದ ಬರೆಯೋಕೆ ಕೂತಳಂತೆ ಎಂದು ನಗಬೇಡ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಅಕ್ಷರ ಸೊಟ್ಟಗಿವೆ. ಮಾತು ನೆಟ್ಟಗಿದೆ, ಕೂತು ಓದು. ಫೋನಿನಲ್ಲಿ ಹೇಳಿದರೆ ನೀನು ಅಳುತ್ತೀ, ನಾನು ರೇಗುತ್ತೇನೆ, ಅಲ್ಲಿಗೆ ಮುಗಿಯಿತು.

ಕಳೆದ ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ನೀನು, "ಅಕ್ಕಾ, ಹಳೇದನ್ನೆಲ್ಲ ಬಿಟ್ಟುಬಿಡು. ದೇವರೇ ಕ್ಷಮಿಸಿದ ಮೇಲೆ ನೀನ್ಯಾಕೆ ಕೆದಕ್ತೀಯ?" ಎಂದೆ. ವಾರವಿಡೀ ಯೋಚಿಸಿದೆ. ಬಿಡಬೇಕಾದರೆ ಮೊದಲು ಕೈಯಲ್ಲಿ ಹಿಡಿದಿರಬೇಕಲ್ಲವೇನೇ? ನಾನು ಹಿಡಿದೇ ಇಲ್ಲ. ಹನ್ನೊಂದು ವರ್ಷದಿಂದ ಹೊತ್ತವಳು ನೀನು.

ಬರುವ ಭಾನುವಾರಕ್ಕೆ ನಾನು ಕುಡಿತ ಬಿಟ್ಟು ಎರಡು ವರ್ಷ. ಚರ್ಚಿನ ಹಿಂದಿನ ಕೋಣೆಯಲ್ಲಿ ಪ್ರತಿ ಗುರುವಾರ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ನನ್ನಂಥ ಎಂಟು ಮಂದಿಯ ಜೊತೆ ಪ್ರಾರ್ಥಿಸಿ, ಬೈದಾಡಿ, ಮತ್ತೆ ಪ್ರಾರ್ಥಿಸಿ ಇಲ್ಲಿಗೆ ಬಂದು ಮುಟ್ಟಿದ್ದೇನೆ. ಸಭೆಯ ಮುಂದೆ ಸಾಕ್ಷಿ ಹೇಳಬೇಕು ಎಂದರು ಪಾಸ್ಟರು. ಕನ್ನಡಿ ಮುಂದೆ ನಿಂತು ಹೇಳಿ ನೋಡಿದೆ. ಬಾಟಲಿಯನ್ನು ಸೋಪಿನ ಪುಡಿಯ ಡ್ರಮ್ಮಿನಲ್ಲಿ ಬಚ್ಚಿಡುತ್ತಿದ್ದದ್ದು, ವಾಸನೆಗೆ ಲವಂಗ ಜಗಿಯುತ್ತಿದ್ದದ್ದು, ಯೇಸು ಸ್ವಾಮಿ ನನ್ನನ್ನು ಎತ್ತಿ ನಿಲ್ಲಿಸಿದ್ದು, ಎಲ್ಲ ಚೆನ್ನಾಗಿ ಬಂತು. ನಿನ್ನ ಕೈಯ ವಿಷಯ ಬಂದಾಗ ಮಾತ್ರ ನಾಲಿಗೆ ತಾನಾಗಿಯೇ ಪಕ್ಕಕ್ಕೆ ಸರಿಯಿತು. ಕುಡಿಯದ ನಾಲಿಗೆಯೂ ಸುಳ್ಳು ಹೇಳುತ್ತದೆಂದು ಆಗ ಗೊತ್ತಾಯಿತು.

ಆಸ್ಪತ್ರೆಯ ಬಟ್ಟೆ ಒಗೆಯುವ ನಮ್ಮ ಲಾಂಡ್ರಿಯಲ್ಲಿ ಇಸ್ತ್ರಿ ರೋಲರಿಗೆ ಇಬ್ಬರು. ಒಬ್ಬಳು ಬೆಡ್‌ಶೀಟನ್ನು ರೋಲರಿಗೆ ಕೊಡಬೇಕು, ಇನ್ನೊಬ್ಬಳು ರೋಲರ್ ತಿರುಗಿಸುವ ಪೆಡಲ್ ಒತ್ತಬೇಕು. ಕೊಡುವವಳು "ಕೈ ಆಚೆ" ಎಂದು ಕೂಗುವ ತನಕ ಒತ್ತುವವಳ ಕಾಲು ನೆಲದ ಮೇಲಿರಬೇಕು. ಅವತ್ತು ನೀನು ಕೂಗಿರಲಿಲ್ಲ. ಮುದುಡಿದ ಅಂಚನ್ನು ಬಿಡಿಸುತ್ತಿದ್ದೆ. ನಾನು ಒತ್ತಿದೆ. ಬೆಳಗ್ಗೆ ಹತ್ತು ಗಂಟೆಗೇ ನನ್ನ ಹೊಟ್ಟೆಯಲ್ಲಿ ಅರ್ಧ ಬಾಟಲಿ ಇತ್ತು.

ಮೇಲ್ವಿಚಾರಕ ಓಡಿ ಬಂದಾಗ, ಎರಡು ಬೆರಳು ಹೋದ ಆ ನೋವಿನಲ್ಲೂ ನೀನು ಅಂದದ್ದು: "ಅಕ್ಕಂದೇನೂ ತಪ್ಪಿಲ್ಲ ಸಾರ್. ನಾನೇ 'ಕೈ ಆಚೆ' ಅಂದೆ, ತೆಗೆಯೋದು ಮರೆತೆ." ನಾನು ಕಂಬದ ಹಾಗೆ ನಿಂತಿದ್ದೆ. ಅಷ್ಟಕ್ಕೇ ಮುಗಿದಿದ್ದರೆ ಬೇರೆ ಮಾತು. ಆಮೇಲೆ ಹೊಸಬರು ಸೇರಿದಾಗಲೆಲ್ಲ ರೋಲರ್ ತೋರಿಸಿ, "ನಮ್ಮ ಕುಳ್ಳಿ ಥರ ಮೈಮರೆತ್ರೆ ಬೆರಳು ಹೋಗ್ತವೆ, ಹುಷಾರು" ಎಂದು ಪಾಠ ಹೇಳಿದೆ. ನನಗೇ ನಿಜವೆನ್ನಿಸುವಷ್ಟು ಸಲ ಹೇಳಿದೆ. ನಿನ್ನನ್ನು ಬಟ್ಟೆ ಮಡಚುವ ಮೇಜಿಗೆ ಹಾಕಿದರು. ಎರಡು ವರ್ಷ ಅಲ್ಲಿ ಕೂತು, ಮೈಮರೆವಿನವಳು ಎಂಬ ಹೆಸರು ಹೊತ್ತೇ ನೀನು ಕೆಲಸ ಬಿಟ್ಟೆ.

ಇವತ್ತು ಬೆಳಗ್ಗೆ ಹೇಳಿಬಿಟ್ಟೆ. ಮೊದಲು ಮೇಲ್ವಿಚಾರಕನಿಗೆ. "ಅಯ್ಯೋ, ಯಾವ ಕಾಲದ್ದೋ ಕಥೆ, ಈಗ ಯಾಕಮ್ಮ? ಹೋಗಿ ಟೀ ಕುಡೀರಿ" ಎಂದ. "ಟೀ ಆಮೇಲೆ. ಮೊದಲು ಬರ್ಕೊಳ್ಳಿ" ಎಂದು ಗದರಿದೆ. ಬರೆದುಕೊಂಡ, ಕೆಳಗೆ ರುಜು ಹಾಕಿದೆ. ಆಮೇಲೆ ರೋಲರಿನ ಬಳಿ ಎಲ್ಲರನ್ನೂ ಕರೆದು ಹೇಳಿದೆ. ಒಬ್ಬ ಗಟ್ಟಿಗಿತ್ತಿ ಸೊಂಟದ ಮೇಲೆ ಕೈಯಿಟ್ಟು, "ಅಂದ್ರೆ ಇಷ್ಟು ದಿನ ನಮಗೆ ಬುದ್ಧಿ ಹೇಳಿದ್ದು ಬರೀ ಸುಳ್ಳಾ ಅಮ್ಮಾ?" ಎಂದಳು. ಕೋಪ ನೆತ್ತಿಗೇರಿತು. ನುಂಗಿಕೊಂಡೆ. "ಹೌದು, ಸುಳ್ಳು" ಎಂದೆ. ಎರಡೇ ಪದ ಕಣೇ. ಬಾಟಲಿ ಬಿಡುವುದಕ್ಕಿಂತ ಕಷ್ಟವಾಯಿತು.

ಮಧ್ಯಾಹ್ನದ ಹೊತ್ತಿಗೆ ನನ್ನನ್ನು ಯಂತ್ರದಿಂದ ತೆಗೆದು ಮಡಚುವ ಮೇಜಿಗೆ ಹಾಕಿದರು. ನೀನು ಕೂರುತ್ತಿದ್ದ ಅದೇ ಸ್ಟೂಲು. ಒಂದು ಕಾಲು ಗಿಡ್ಡ, ಕೂತರೆ ಅಲ್ಲಾಡುತ್ತದೆ. ಹೇಳಿದ್ದರೆ ಅಡಿಗೊಂದು ರಟ್ಟು ಮಡಚಿ ಇಡುತ್ತಿದ್ದೆನಲ್ಲೇ ಎಂದು ನಿನ್ನನ್ನೇ ಬೈದುಕೊಂಡೆ. ಆಮೇಲೆ ನಾಚಿಕೆಯಾಯಿತು. ಹತ್ತು ಹೆಜ್ಜೆ ದೂರದಲ್ಲಿದ್ದೆ, ಎರಡು ವರ್ಷ ಒಂದು ಸಲವೂ ತಿರುಗಿ ನೋಡಿರಲಿಲ್ಲ.

ಕ್ಷಮೆ ಕೇಳಲು ಈ ಕಾಗದವಲ್ಲ. ನೀನು ಅವತ್ತೇ ಕ್ಷಮಿಸಿದೆ, ಅದೇ ನನಗೆ ಮುಳ್ಳು. ಭಾನುವಾರ ಸಭೆಯಲ್ಲೂ ಇದನ್ನೇ ಹೇಳುತ್ತೇನೆ. ನೀನು ಬೇಡವೆಂದರೂ ಹೇಳುತ್ತೇನೆ. ನಿನ್ನ ಹೆಸರಿಗೆ ಕಲೆ ಹಚ್ಚಿದವಳು ನಾನು, ಒಗೆಯಬೇಕಾದವಳೂ ನಾನೇ. ಅದಾದ ಮೇಲೆ ನೀನು ಹೇಳಿದಂತೆ ಬಿಡುತ್ತೇನೆ. ಕರ್ತನ ಪಾದದ ಬಳಿ ಇಟ್ಟು, ತಿರುಗಿ ನೋಡದೆ ಬರುತ್ತೇನೆ. ಒಗೆದು ಒಣಗಿಸಿದ ಬಟ್ಟೆಯನ್ನು ಮತ್ತೆ ನೀರಿಗೆ ಹಾಕುವವಳಲ್ಲ ನಾನು.

ಇನ್ನೊಂದು ಮಾತು. ಚರ್ಚಿನಲ್ಲಿ ನೀನು ಹಾಡಿನ ಪುಸ್ತಕವನ್ನು ಎಡಗೈಯಲ್ಲೇ ಹಿಡಿಯುತ್ತೀ, ಬಲಗೈ ಕೋಟಿನ ಜೇಬಿನಲ್ಲಿ. ನೋಡಿಯೂ ನೋಡದವಳಂತೆ ಇದ್ದೆ. ಯೇಸು ಸ್ವಾಮಿ ಸಮಾಧಿಯಿಂದ ಎದ್ದು ಬಂದ ಮೇಲೂ ತಮ್ಮ ಕೈಯ ಗಾಯ ಮುಚ್ಚಿಡಲಿಲ್ಲ, ತೋರಿಸಿದರು. ನಿನ್ನ ಕೈಯಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಆ ನಾಚಿಕೆ ನನ್ನದು, ಇತ್ತ ಕೊಡು. ಭಾನುವಾರ ಮುಂದಿನ ಸಾಲಿನಲ್ಲೇ ಕೂರು. ಜೇಬಿನಿಂದ ಕೈ ಹೊರಗಿಟ್ಟುಕೊಂಡು ಬಾ.

ದೇವರು ನಿನ್ನ ಎರಡೂ ಕೈಗಳನ್ನು ಆಶೀರ್ವದಿಸಲಿ.

ನಿನ್ನ ಸಿಡುಕಿ ಅಕ್ಕ